ಗೋದಾ ತೂಗಿದ ವಿಮಾನ

ಗೋದಾ ಬೈದರೆ ಚಾಮರಾಜಪೇಟೆ ಐದನೇ ಮೇನಿನ ಆ ತುದಿಗೆ ಕೇಳಿಸುತ್ತೆ. ವಿಮಾನ ಕಾರ್ಖಾನೆಯ ತೂಕದ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದ ಹೆಂಗಸು. ಅಲ್ಲಿ ಮೆತ್ತಗೆ ಮಾತಾಡಿದ್ದರೆ ಒಬ್ಬ ಗಂಡಸೂ ಅವಳ ಲೆಕ್ಕ ಕೇಳ್ತಿರಲಿಲ್ಲ. ಜೋರು ಮಾಡಿ ಮಾಡಿ ಅದೇ ಸ್ವಭಾವ ಆಗಿಹೋಯ್ತು, ರಿಟೈರಾದ ಮೇಲೂ ಬಿಡಲಿಲ್ಲ.

ಈಗ ಅದೆಲ್ಲ ಬೀಳ್ತಿದ್ದದ್ದು ತಮ್ಮ ಶೀನಣ್ಣನ ಮೇಲೆ. ಅರವತ್ತೊಂದರ ಮನುಷ್ಯ, ಮನೆ ಹಿಂದಿನ ಮುಚ್ಚಿಹೋದ ಸಾಮಿಲ್ ಶೆಡ್ಡಿನಲ್ಲಿ ಆರು ವರ್ಷದಿಂದ ಕೂತು ಎರಡು ಸೀಟಿನ ವಿಮಾನ ಕಟ್ಟಿದ್ದ. ಸೋಮವಾರ ಊರಾಚೆ ಅದರ ಮೊದಲ ಹಾರಾಟ. ಹಾರಿಸುವವನೂ ಅವನೇ. ಅದರ ತೂಕದ ಹಾಳೆಗೆ ಸಹಿ ಮಾತ್ರ ಗೋದಾಳದ್ದು.

ಆ ಹಾಳೆ ಅಂದರೆ ಸುಮ್ಮನೆ ಅಲ್ಲ. ಸ್ಕೂಟರ್ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿದರೆ ಹ್ಯಾಂಡಲ್ ಹಗುರಾಗಿ ತೂರಾಡುತ್ತಲ್ಲ, ವಿಮಾನವೂ ಹಾಗೇ. ಸ್ಕೂಟರಾದರೆ ಕಾಲು ಊರಬಹುದು. ವಿಮಾನದಲ್ಲಿ ಹಿಂದಿನ ಭಾರ ಜಾಸ್ತಿಯಾದರೆ ಮೂಗು ಮೇಲೆದ್ದು, ಎಷ್ಟು ಒತ್ತಿದರೂ ಇಳಿಯೋದಿಲ್ಲ. ಆಮೇಲೆ ಬೀಳೋದೊಂದೇ.

ಮೂರು ವಾರದ ಹಿಂದೆ, ಆಯುಧಪೂಜೆ ದಿನ, ಒಳ್ಳೆ ಮುಹೂರ್ತ ಅಂತ ತೂಕ ಹಾಕಿದ್ದರು. ತರಗುಪೇಟೆಯ ಅಕ್ಕಿ ಅಂಗಡಿಯ ಹನುಮಂತಯ್ಯ ನೆಲದ ಮೇಲಿಟ್ಟು ಮೂಟೆ ತೂಗೋ ಮೂರು ತಕ್ಕಡಿ ಕೊಟ್ಟಿದ್ದರು, ಒಂದೊಂದು ಚಕ್ರದ ಕೆಳಗೆ ಒಂದೊಂದು. ಒಟ್ಟು ಇನ್ನೂರ ಎಪ್ಪತ್ತೊಂದು ಕೆ.ಜಿ. ಗೋದಾ ಲೆಕ್ಕ ಹಾಕಿ, "ಮೂಗು ಭಾರ ಆಯ್ತು, ಬ್ಯಾಟರಿ ತೆಗೆದು ಸೀಟಿನ ಹಿಂದೆ ಕೂರಿಸು" ಅಂದಿದ್ದಳು. ಮಾರನೇ ದಿನ ಶೀನಣ್ಣ ಕೂರಿಸಿದ.

ಈ ಶನಿವಾರ ಮತ್ತೆ ತೂಗಬೇಕು ಅಂತ ಹಠ ಹಿಡಿದವಳೂ ಅವಳೇ. ಮಧ್ಯಾಹ್ನ ಸಾಗಿಸೋಕೆ ಲಾರಿ ಬರೋದಿತ್ತು.

"ಬ್ಯಾಟರಿ ಜಾಗ ಬದಲಾಗಿದೆ ಅಷ್ಟೇ ಅಲ್ವಾ ಅಕ್ಕ, ಪೇಪರ್ ಮೇಲೇ ಹಾಕ್ಬಿಡು."

"ಪೇಪರ್ ಮೇಲೇ ಹಾರ್ಸು ಹಾಗಾದ್ರೆ. ಎತ್ತು ಚಕ್ರ."

ಎತ್ತಿದರು, ತೂಗಿದರು. ಇನ್ನೂರ ಅರವತ್ತು. ಹನ್ನೊಂದು ಕೆ.ಜಿ. ಮಾಯ.

ಗೋದಾಗೆ ಮೈಯೆಲ್ಲ ಉರಿದುಹೋಯ್ತು. ಇದ್ದ ಬ್ಯಾಟರಿ ಇದ್ದೇ ಇದೆ. ಒಟ್ಟು ತೂಕ ಹೇಗೆ ಇಳಿಯುತ್ತೆ? ಏನು ಬಿಚ್ಚಿದೆ ಅಂತ ಶೀನಣ್ಣನಿಗೆ ಅರ್ಧ ಗಂಟೆ ಉಗಿದಳು. ಒಂದು ನಟ್ಟೂ ಬಿಚ್ಚಿಲ್ಲ ಅಂದ ಅವನು. ಹಾಗಾದರೆ ತಕ್ಕಡಿಯದೇ ಮೋಸ ಅಂತ ಹನುಮಂತಯ್ಯನ ಕಡೆ ತಿರುಗಿದಳು. ಪಾಪ, ತಕ್ಕಡಿ ವಾಪಸ್ ಒಯ್ಯೋಣ ಅಂತ ಬಂದಿದ್ದ ಮನುಷ್ಯ.

"ನಲವತ್ತು ವರ್ಷದಿಂದ ಇದ್ರಲ್ಲೇ ತೂಗಿ ಕೊಡ್ತಿದೀನಮ್ಮ, ಯಾರೂ ಹೀಗಂದಿಲ್ಲ" ಅಂದವರೇ ಗಾಡಿಯಿಂದ ಇಪ್ಪತ್ತೈದು ಕೆ.ಜಿ.ಯ ಅಕ್ಕಿ ಮೂಟೆ ತಂದು ಒಂದೊಂದರ ಮೇಲೂ ಇಟ್ಟರು. ಮೂರರಲ್ಲೂ ಸರಿಯಾಗಿ ಇಪ್ಪತ್ತೈದು.

ಇನ್ನು ಯಾರಿಗೆ ಬೈಯೋದು? ಗೋದಾ ಶೆಡ್ಡಿನಲ್ಲಿ ಆ ಕಡೆಯಿಂದ ಈ ಕಡೆ ಓಡಾಡಿದಳು. ಗೋಡೆಯ ಮೊಳೆಗೆ ಸ್ಪ್ಯಾನರುಗಳ ಕ್ಯಾನ್ವಾಸ್ ಚೀಲ ನೇತುಹಾಕಿತ್ತು. ಅದರ ಮೇಲೆ ಕುಂಕುಮ ಇನ್ನೂ ಹೋಗಿರಲಿಲ್ಲ. ಇಟ್ಟಿದ್ದು ಅವಳೇ. ವಿಮಾನದ ಮೂಗಿನೊಳಗೆ ಎಂಜಿನ್ ಪಕ್ಕದಲ್ಲೇ ಚೀಲ ಇಡಿಸಿ, ಎರಡಕ್ಕೂ ಸೇರಿಸಿ ಆರತಿ ಎತ್ತಿದ್ದಳು. ಪೂಜೆಗಿಟ್ಟ ಆಯುಧ ಮಾರನೇ ದಿನ ವಿಸರ್ಜನೆ ಆಗೋವರೆಗೂ ಮುಟ್ಟಬಾರದು, ಅವರಪ್ಪನ ಕಾಲದಿಂದ ಬಂದ ಪದ್ಧತಿ. ತೂಕಕ್ಕೆ ಮುಂಚೆ ಶೀನಣ್ಣ, "ಅಕ್ಕ, ಈ ಚೀಲ..." ಅಂತ ಕೈಹಾಕಿದ್ದ. ಆ ಕೈ ಮೇಲೆ ಪಟ್ ಅಂತ ಒಂದು ಕೊಟ್ಟಿದ್ದಳು.

ಈಗ ತಾನೇ ಚೀಲ ಇಳಿಸಿ ತಕ್ಕಡಿ ಮೇಲಿಟ್ಟಳು. ಹನ್ನೊಂದು.

ಇಲ್ಲದ ಭಾರವನ್ನು ಮೂಗಿನಲ್ಲಿ ಎಣಿಸಿಕೊಂಡು, ಇದ್ದ ಬ್ಯಾಟರಿಯನ್ನು ಹಿಂದಕ್ಕೆ ತಳ್ಳಿಸಿದ್ದಳು. ಹೊಸ ಅಂಕಿ ಹಿಡಿದು ಮತ್ತೆ ಲೆಕ್ಕ ಹಾಕಿದಳು. ಶೀನಣ್ಣ ಸೀಟಿನಲ್ಲಿ ಕೂತರೆ ಹಿಂದಿನ ಭಾರ ಮಿತಿಯನ್ನೂ ದಾಟಿ ಹೋಗ್ತಿತ್ತು. ಪೆನ್ನು ಕೆಳಗಿಟ್ಟು ತಮ್ಮನ ಕಡೆ ತಿರುಗಿದಳು.

"ಚೀಲ ಸೇರಿಸಿ ತೂಗ್ತಿದೀವಿ ಅಂತ ಗೊತ್ತಿತ್ತೇನೋ ನಿಂಗೆ?"

"ಗೊತ್ತಿತ್ತು. ಲೆಕ್ಕದಲ್ಲಿ ಕಳೀತೀಯ ಅಂದ್ಕೊಂಡೆ."

"ಕಳೆದ್ಯಾ ಅಂತ ಒಂದ್ಮಾತು ಕೇಳೋಕೆ ಏನಾಗಿತ್ತು? ಮೂರು ವಾರ ಇತ್ತಲ್ಲೋ."

ಶೀನಣ್ಣ ಚಕ್ರದ ಕಡೆ ನೋಡಿಕೊಂಡು ಹೇಳಿದ, "ಕೇಳಿದ್ರೆ ಬೈತೀಯ ಅಂತ."

ಗೋದಾ ತಾನು ಸಹಿ ಮಾಡಿದ್ದ ಹಾಳೆಯನ್ನು ಹರಿದು ಹಾಕಿದಳು. ಲಾರಿಯವನಿಗೆ ಫೋನ್ ಮಾಡಿ ಬರಬೇಡ ಅಂದಳು. ಹನುಮಂತಯ್ಯನಿಗೆ ಕೈಮುಗಿದಳು. ಆಮೇಲೆ ತಮ್ಮನ ಮುಂದೆ ಬಂದು ನಿಂತಳು.

"ಬೈಯೋ ಶೀನ, ನಂಗೆ. ನಾನು ನಿನ್ನ ಸಾಯಿಸ್ತಿದ್ದೆ. ಬಾಯಿಗೆ ಬಂದಂಗೆ ಬೈಯಿ."

ಅವನು ಬೈಯಲಿಲ್ಲ. ಬ್ಯಾಟರಿ ಬಿಚ್ಚೋಕೆ ಅಂತ ಚೀಲದ ಕಡೆ ಕೈ ಚಾಚಿದ, ಚಾಚಿದವನು ನಡುವೆ ನಿಲ್ಲಿಸಿ ಅಕ್ಕನ ಮುಖ ನೋಡಿದ.

"ತಗೋಬಹುದಾ?" ಅಂತ ಕೇಳಿದ.