ಆಚಾರ್ರು ಮಾಡಿದ ಕೈ ಕ್ಲಚ್ಚು

ಸೀನ ಆಚಾರಿಯವರ ಕೈಯಲ್ಲಿ ನಾನು ಅಳತೆಯ ಟೇಪನ್ನು ಕಂಡವನಲ್ಲ. ಅವರು ಅಳತೆ ತೆಗೆಯುತ್ತಿದ್ದದ್ದು ಅಡಿಕೆ ಹಾಳೆಯಲ್ಲಿ. ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬೇಕಾದ ಕಡೆ ಒತ್ತಿ, ಹಗ್ಗ ಬಿಗಿದು ಒಣಗಲು ಬಿಡುವರು. ಮರುದಿನ ತೆಗೆದರೆ ಆ ಜಾಗದ ಉಬ್ಬುತಗ್ಗೆಲ್ಲ ಹಾಳೆಯಲ್ಲಿ ಮೂಡಿರುತ್ತಿತ್ತು. ಹಾಳೆಯಿಂದ ಮುಟ್ಟಾಳೆ ಟೊಪ್ಪಿ ಮಾಡುವ ವಿದ್ಯೆಯನ್ನು ಮೋಟಾರು ರಿಪೇರಿಗೆ ಹಚ್ಚಿದ ಇನ್ನೊಬ್ಬ ಪುಣ್ಯಾತ್ಮನನ್ನು ನಾನು ನೋಡಿಲ್ಲ. ಕಡಬ ಪೇಟೆಯ ಕೊನೆಯಲ್ಲಿ ಅವರ ಶೆಡ್ಡು. ಅವರ ಅಪ್ಪನ ಕಾಲದಲ್ಲಿ ಅದು ಕತ್ತಿ, ಹಾರೆ ಬಡಿಯುವ ಜಾಗ. ಇವರು ಲಾರಿ ರಿಪೇರಿ ಕಲಿತು ಬಂದ ಮೇಲೂ ಒಂದು ಮೂಲೆಯಲ್ಲಿ ಕುಲುಮೆ ಉರಿಯುತ್ತಲೇ ಇತ್ತು.

ನಾನು ಪುತ್ತೂರಿನಲ್ಲಿ ಡಾಕ್ಟರು. ಚಿಕ್ಕಂದಿನ ಜ್ವರವೊಂದು ನನ್ನ ಎಡಗಾಲನ್ನು ಒಣಗಿಸಿ ಹೋಗಿತ್ತು. ಆದರೂ ಆಲೆಟ್ಟಿಗೆ, ಕೊಲ್ಲಮೊಗ್ರಿಗೆ ರೋಗಿಗಳನ್ನು ನೋಡಲು ನಾನೇ ಕಾರು ಬಿಟ್ಟುಕೊಂಡು ಹೋಗುತ್ತಿದ್ದೆ. ನನ್ನದು ತಾನಾಗಿಯೇ ಗೇರು ಬದಲಿಸಿಕೊಳ್ಳುವ ಹಳೆಯ ಅಮೆರಿಕನ್ ಕಾರು. ಅದಕ್ಕೆ ಕ್ಲಚ್ಚಿಲ್ಲ, ಹಾಗಾಗಿ ಎಡಗಾಲಿಗೆ ಕೆಲಸವೂ ಇಲ್ಲ. ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಹೆಗಲು ಹಿಡಿದೇ ಬೆಳೆದವನಿಗೆ ಆ ಕಾರು ಏನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಡ್ರೈವರನ್ನು ಇಟ್ಟುಕೊಳ್ಳಿ ಎಂದವರಿಗೆ ಮುಖ ಮುರಿಯುವ ಹಾಗೆ ಉತ್ತರ ಕೊಟ್ಟು ಕಳಿಸಿದ್ದೆ.

ಅರವತ್ತರ ದಶಕದ ಮೊದಲಿಗೆ ಕಡಬದ ಹತ್ತಿರವೇ ಆ ಕಾರು ಕೈಕೊಟ್ಟಿತು. ಅದರ ಬಿಡಿಭಾಗಗಳು ಹೊರದೇಶದಿಂದ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಆಚಾರ್ರು ಅಡಿಯಲ್ಲಿ ಮಲಗಿ ನೋಡಿ, ಎದ್ದು ಬಂದು ಕೈ ಒರೆಸಿಕೊಂಡರು.

"ಇದರ ಗೇರ್ ಬಾಕ್ಸ್ ಸತ್ತಿದೆ ಡಾಕ್ಟ್ರೆ. ನನ್ನತ್ರ ಹಳೇ ಜೀಪಿಂದು ಒಂದು ಉಂಟು. ಕೂರಿಸ್ತೇನೆ."

"ಕೂರಿಸಿ. ಮತ್ತೆ ಕ್ಲಚ್ಚು ಒತ್ತುದು ಯಾರು, ನಿಮ್ಮ ಅಜ್ಜನಾ?"

"ಅದನ್ನು ನನಗೆ ಬಿಡಿ ಮಾರಾಯ್ರೆ."

ವಾರ ಕಳೆದು ಬಸ್ಸಿನಲ್ಲಿ ಹೋಗಿ ನೋಡಿದೆ. ಮುಂದಿನ ಎರಡು ಸೀಟುಗಳ ನಡುವೆ ಪಾಲಿಶ್ ಹಾಕಿದ ಉದ್ದನೆಯ ಪೆಟ್ಟಿಗೆಯೊಂದಿತ್ತು. ಸ್ಟೆತೊಸ್ಕೋಪು, ಸೂಜಿ, ಔಷಧಿ ಎಲ್ಲ ಅದರಲ್ಲೇ ಇಡುತ್ತಿದ್ದೆ. ಅದನ್ನು ಗರಗಸದಲ್ಲಿ ಎರಡು ತುಂಡು ಮಾಡಿದ್ದರು. ಅದರಡಿಯ ತಗಡನ್ನು ಉಳಿಯಿಂದ ಕಡಿದು ಬಿಂದಿಗೆ ಹೋಗುವಷ್ಟು ದೊಡ್ಡ ತೂತು ಮಾಡಿದ್ದರು. ತೂತಿನ ಕೆಳಗೆ ನೆಲ ಕಾಣುತ್ತಿತ್ತು, ನೆಲದಲ್ಲಿ ಒಂದು ಕೋಳಿ ಓಡಾಡುತ್ತಿತ್ತು. ಬಾಯಿಗೆ ಬಂದ ಹಾಗೆ ಬೈದೆ. ಇದ್ದ ಒಂದು ಕಾಲನ್ನೂ ಮುರಿದಿರಲ್ಲ ಎಂದೆ. ಒದ್ದೆ ಹಾಳೆಯನ್ನು ಜೀಪಿನ ಗೇರ್ ಬಾಕ್ಸಿನ ಬೆನ್ನಿಗೆ ಒತ್ತುತ್ತಿದ್ದ ಆಚಾರ್ರು ಎಲ್ಲ ಕೇಳಿಸಿಕೊಂಡರು.

"ಬೈದಾಯ್ತಾ? ಹಾಗಾದ್ರೆ ಈ ತುದಿ ಸ್ವಲ್ಪ ಹಿಡ್ಕೊಳ್ಳಿ."

ನಾನು ಹಿಡಿದುಕೊಂಡೆ. ಯಾಕೆ ಹಿಡಿದುಕೊಂಡೆ ಎಂದು ಇವತ್ತಿಗೂ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ಆಘಾತ ಮುಂದಿನ ತಿಂಗಳು ಕಾದಿತ್ತು. ಬಸ್ಸಿಳಿದು ನಿಂತಿದ್ದೆ, ಎದುರಿನಿಂದ ನನ್ನ ಕಾರೇ ಬಂತು. ಒಳಗೆ ಆಚಾರ್ರು ಒಬ್ಬರೇ. ಇಣುಕಿ ನೋಡಿದರೆ ತಮ್ಮ ಎಡಗಾಲನ್ನು ಮಡಚಿ ತೊಡೆಗೆ ಸೇರಿಸಿ ಹೆಗಲಿನ ಬೈರಾಸು ಟುವಾಲಿನಿಂದ ಬಿಗಿದು ಕಟ್ಟಿಕೊಂಡಿದ್ದರು.

"ಇದೆಂತ ಹುಚ್ಚು ಆಚಾರ್ರೆ?"

"ಎಂಟು ದಿನದಿಂದ ಹೀಗೇ ಬಿಡುದು. ಬಿಳಿನೆಲೆವರೆಗೆ ಹೋಗಿ ಬಂದೆ. ಏರಲ್ಲಿ ನೀವು ಸಿಕ್ಕಿ ಬಾಕಿ ಆಗ್ಬಾರ್ದಲ್ಲ."

ಬೈರಾಸು ಬಿಚ್ಚಿದರೆ ಕಾಲು ನೀಲಿಗಟ್ಟಿತ್ತು. ಡಾಕ್ಟರಾದ ನನಗೆ ಸಿಟ್ಟು ಬಂತು. ರಸ್ತೆಬದಿಯಲ್ಲಿ ಕುಳಿತು ಆ ಕಾಲನ್ನು ತಿಕ್ಕಿದೆ. ನನ್ನ ಕಾಲಿಗಾಗಿ ಇಷ್ಟು ಮಾಡಿದವರು ಮೊದಲು ಯಾರೂ ಇರಲಿಲ್ಲ.

ಸೀಟುಗಳ ನಡುವೆ ಈಗ ಆ ಹಾಳೆಯ ಅಳತೆಗೆ ಕೆತ್ತಿದ ಹಲಸಿನ ಮರದ ಹೊಸ ಪೆಟ್ಟಿಗೆ ಕೂತಿತ್ತು. ಅದರ ಮುಂಭಾಗದಲ್ಲಿ ಗೇರಿನ ಕೋಲು, ಪಕ್ಕದಲ್ಲಿ ಇನ್ನೊಂದು ಕಬ್ಬಿಣದ ಹಿಡಿ. ಹಿಡಿಯನ್ನು ಎಳೆದರೆ ಕ್ಲಚ್ಚು ಒತ್ತಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಅದೇ ಕೈಯಿಂದ ಗೇರು ಹಾಕಿ, ಆಮೇಲೆ ಹಿಡಿಯನ್ನು ಮೆಲ್ಲ ಬಿಡಬೇಕು. ಹಿಂದೆ ಔಷಧಿಗೆ ಜಾಗ, ಸೀಸೆಗಳು ಕುಣಿಯದಂತೆ ಒಂದೊಂದಕ್ಕೂ ಒಂದೊಂದು ಗುಳಿ.

ಆ ಮೆಲ್ಲ ಬಿಡುವುದೇ ಅವಸರದ ಪ್ರಾಣಿಯಾದ ನನಗೆ ಬರಲಿಲ್ಲ. ಫಕ್ಕನೆ ಬಿಡುತ್ತಿದ್ದೆ, ಕಾರು ಆಡಿನ ಹಾಗೆ ಹಾರುತ್ತಿತ್ತು. "ಮೆಲ್ಲ ಬಿಡಿ ಡಾಕ್ಟ್ರೆ, ಮೆಲ್ಲ" ಎನ್ನುತ್ತಿದ್ದರು. ಕಲಿಸುವ ದಿನಗಳಲ್ಲಿ ಮಾತ್ರವಲ್ಲ, ಆಮೇಲೆ ವರ್ಷಗಟ್ಟಲೆ, ಕಾರು ಹತ್ತಿದಾಗಲೆಲ್ಲ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರೂ ಒಂದು ಎಳೆತಕ್ಕೆ ಆ ಮಾತು ಬರುತ್ತಿತ್ತು.

"ನಿಮಗೆ ನಿಮ್ಮ ಶೆಡ್ಡಿನ ಕೆಲಸ ಸಾಲದಾ? ಸೂಜಿ ಚುಚ್ಚುದು ಹೇಗೆ ಅಂತಲೂ ಹೇಳಿ" ಎಂದು ಒಮ್ಮೆ ರೇಗಿದೆ.

"ಅದನ್ನೂ ಮೆಲ್ಲ" ಎಂದರು.

ಒಂದು ಮಧ್ಯಾಹ್ನ ಕಡಬದಲ್ಲಿ ರೋಗಿಯೊಬ್ಬರ ಮನೆಯಲ್ಲಿದ್ದೆ. ಆಚಾರ್ರ ಹೆಂಡತಿ ಓಡಿ ಬಂದು, ಅವರಿಗೆ ಎದೆನೋವು ಎಂದರು. ಹೋಗಿ ನೋಡಿದೆ. ನನ್ನ ಪೆಟ್ಟಿಗೆಯಲ್ಲಿದ್ದದ್ದನ್ನು ಕೊಟ್ಟೆ. ಅದು ಸಾಲದು, ಪುತ್ತೂರಿನ ಆಸ್ಪತ್ರೆಗೇ ಒಯ್ಯಬೇಕೆಂದು ಗೊತ್ತಾಯಿತು. ಹಿಂದಿನ ಸೀಟಿನಲ್ಲಿ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಮಲಗಿಸಿದೆವು. ಹೊರಡುವಾಗ ಅವಸರದಲ್ಲಿ ಹಿಡಿಯನ್ನು ಫಕ್ಕನೆ ಬಿಟ್ಟೆ, ಕಾರು ಹಾರಿತು.

"ಮೆಲ್ಲ ಬಿಡಿ ಡಾಕ್ಟ್ರೆ."

ಆಲಂಕಾರಿನ ಏರಿನಲ್ಲಿ ಮತ್ತೆ ಎಳೆಯಿತು. "ಮೆಲ್ಲ" ಎಂದರು. ದನಿ ಸಣ್ಣದಾಗಿತ್ತು, ಆದರೆ ಇತ್ತು.

ಉಪ್ಪಿನಂಗಡಿ ದಾಟಿದ ಮೇಲಿನ ಏರಿನಲ್ಲಿ ಬೆವರಿದ ಕೈಯಿಂದ ಹಿಡಿ ಜಾರಿತು. ಇಡೀ ಕಾರು ಮುಗ್ಗರಿಸಿತು, ಸೀಸೆಗಳೆಲ್ಲ ಸದ್ದು ಮಾಡಿದವು. ನಾನು ಕಾದೆ. ಹಿಂದಿನಿಂದ ಏನೂ ಕೇಳಲಿಲ್ಲ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಮುಂದಿನ ಗೇರಿಗೆ ಹಿಡಿಯನ್ನು ಎಳೆದು, ಮೆಲ್ಲ ಬಿಟ್ಟೆ. ಕಾರು ಅಲುಗಲೇ ಇಲ್ಲ.