ಸಂಕಷ್ಟಿಯಂದು ಎರಡು ಸಲ ಹುಟ್ಟಿದ ಚಂದ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನೂ ನಂಬುತ್ತಿರಲಿಲ್ಲ, ಹಾರುವ ತಟ್ಟೆಗಳನ್ನೂ ನಂಬುತ್ತಿರಲಿಲ್ಲ. ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಉಪಕರಣಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಬೇರೆ ಲೋಕದವರು ಬರುತ್ತಾರಂತೆ ಎಂದು ಕ್ಯಾಂಟೀನಿನಲ್ಲಿ ಯಾರಾದರೂ ಶುರು ಮಾಡಿದರೆ, "ಬರಲಿ ಬಿಡ್ರಿ, ಗೇಟಿನ್ಯಾಗ ಪಾಸ್ ತೋರಿಸಿ ಬರಲಿ" ಎಂದು ನಗುತ್ತಿದ್ದವನು ನಾನೇ. ಅವ್ವನ ಉಪವಾಸಗಳ ಬಗ್ಗೆಯೂ ನನ್ನದು ಅದೇ ಧಾಟಿ.

ಎಂಬತ್ತರ ದಶಕದ ಕೊನೆಯ ಮಾತು. ಎರಡು ಬಸಿರು ನಿಲ್ಲದೆ ಹೋಗಿ, ನನ್ನ ಹೆಂಡತಿ ಸುಮಾಗೆ ಆಗ ಮೂರನೆಯ ಬಸಿರು, ಎಂಟು ತಿಂಗಳು. ಅವ್ವ ವಿಜಾಪುರದಿಂದ ಬಂದು ನಮ್ಮ ಜೊತೆಗಿದ್ದಳು. ಹೆರಿಗೆ ಸುಸೂತ್ರವಾಗಲೆಂದು ಪ್ರತಿ ಸಂಕಷ್ಟಿಗೆ, ಎಂದರೆ ಹುಣ್ಣಿಮೆ ಕಳೆದ ಚೌತಿಗೆ, ಉಪವಾಸದ ಹರಕೆ ಹೊತ್ತಿದ್ದಳು. ಚಂದ್ರನನ್ನು ಕಂಡು, ಅವನಿಗೆ ಅರ್ಘ್ಯದ ನೀರು ಬಿಟ್ಟ ಮೇಲೆಯೇ ಊಟ. ಅವಳ ಹರಕೆ ಅವಳದು, ಇರಲಿ. ಆದರೆ ಅತ್ತೆ ಉಣ್ಣದೆ ತಾನೂ ಉಣ್ಣುವುದಿಲ್ಲ ಎಂದು ಸುಮಾಳ ಹಟ! ಹಸಿದಿರಬಾರದೆಂದು ಡಾಕ್ಟರು ಗದರಿಸಿ ಕಳಿಸಿದ್ದರು.

ಆ ಸಂಜೆ ಮೋಡ ಕವಿದಿತ್ತು. ಏಳೂವರೆಗೆಲ್ಲ ಸುಮಾಳ ಮುಖ ಬಿಳಿಚಿಕೊಂಡಿತ್ತು.

"ನೀ ಉಣ್ಣವಾ. ನನ್ನ ಹರಕಿಗೆ ನಿನಗ್ಯಾಕ ಉಪಾಸ?" ಎಂದಳು ಅವ್ವ.

"ನೀವು ಹಸದು ಕುಂತಾಗ ನನಗ ತುತ್ತು ಇಳಿಯೂದಿಲ್ಲರಿ, ಅತ್ತಿ."

ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರಿಗೂ ಬೈದೆ. ಯಾರು ಕೇಳಬೇಕು!

ಅವ್ವ ನೀರಿನ ತಂಬಿಗೆ ಹಿಡಿದು ಮಾಳಿಗೆ ಹತ್ತಿದಳು, ಹಿಂದೆ ನಾನು. ಗುಡ್ಡದ ಮೇಲೆ ಮೋಡ ಬಿರಿದು, ಕೆಂಪಗಿನ ದುಂಡನೆಯ ಬೆಳಕೊಂದು ಮೇಲೇರಿತು. ಅವ್ವ ಒಂದು ಗಳಿಗೆ ಅದನ್ನೇ ದಿಟ್ಟಿಸಿದಳು. ಆಮೇಲೆ ಕೈಮುಗಿದು ನೀರು ಬಿಟ್ಟಳು.

"ನಡಿ, ಆಕಿಗೆ ಉಣ್ಣಾಕ ಬಡಸೂಣು."

ಮೂವರೂ ಕೂತು ಉಂಡೆವು. ಸುಮಾ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡಳು.

ಊಟವಾಗಿ ಎಷ್ಟೋ ಹೊತ್ತಿನ ಮೇಲೆ, ಒಣಹಾಕಿದ್ದ ಬಟ್ಟೆ ತರಲು ಮತ್ತೆ ಮೇಲೆ ಹೋದೆ. ಅದೇ ಗುಡ್ಡದ ಪಕ್ಕದಲ್ಲಿ ಚಂದ್ರ ಆಗಷ್ಟೇ ಹುಟ್ಟುತ್ತಿದ್ದ! ಮೊದಲಿನ ಬೆಳಕು ಎಲ್ಲೂ ಇರಲಿಲ್ಲ. ಕೆಳಗೆ ಬಂದು ಕ್ಯಾಲೆಂಡರ್ ನೋಡಿದರೆ ಚಂದ್ರೋದಯ ಒಂಬತ್ತು ದಾಟಿದ ಮೇಲೆ ಎಂದಿತ್ತು. ನಾವು ಎಂಟಕ್ಕೇ ಊಟಕ್ಕೆ ಕೂತಿದ್ದೆವು.

ಅವ್ವನಿಗೆ ಹೇಳಲಿಲ್ಲ. ಹರಕೆ ಮುರಿಯಿತೆಂದು ತಿಳಿದರೆ ಹೆರಿಗೆಯ ತನಕ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮರುದಿನ ಕಾರ್ಖಾನೆಯಲ್ಲಿ ವಿಚಾರಿಸಿದೆ. ಆ ಸಂಜೆ ಯಾವ ವಿಮಾನವೂ ಏರಿರಲಿಲ್ಲ. ಏನನ್ನೂ ನಂಬದ ನಾನು ಆ ಒಂದು ತಿಂಗಳು ಎಷ್ಟು ಹೆದರಿದ್ದೆ ಎಂಬುದು ನನಗೊಬ್ಬನಿಗೇ ಗೊತ್ತು. ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು.

ಐದಾರು ವರ್ಷಗಳ ಮೇಲೆ ಅವ್ವ ಹಾಸಿಗೆ ಹಿಡಿದಾಗ, ತಡೆಯಲಾರದೆ ಹೇಳಿಬಿಟ್ಟೆ. "ಅವತ್ತು ನೀ ನೀರು ಬಿಟ್ಟಿದ್ದು ಚಂದ್ರಗಲ್ಲ, ಅವ್ವಾ. ಬ್ಯಾರೆ ಲೋಕದವರ ಬೆಳಕೋ ಏನೋ, ನನಗ ತಿಳೀವಲ್ದು."

"ಗೊತ್ತಿತ್ತೋ ತಮ್ಮಾ" ಎಂದಳು. "ಚೌತಿ ಚಂದ್ರಾಮ ಒಂದು ಮಗ್ಗಲಾ ಸವದಿರ್ತಾನ. ಅಷ್ಟು ದುಂಡಗ ಎಲ್ಲಿರ್ತಾನ?"

ದಿನವಿಡೀ ಅಳತೆ ನೋಡುವ ನನಗೆ ಅದು ಹೊಳೆದಿರಲಿಲ್ಲ.

"ಮತ್ತ ಹರಕಿ ಮುರೀಲಿಲ್ಲೇನು?"

"ಮುರದ್ರ ಮುರೀಲಿ. ಕೆಳಗ ಬಸರಿ ಹಸದು ಕುಂತಿದ್ಲು." ಒಂದು ಗುಟುಕು ನೀರು ಕುಡಿದು ಮತ್ತೆ ಅಂದಳು, "ಬ್ಯಾರೆ ಲೋಕದವರು ಅಂತಿ. ಚಂದ್ರಾಮ ಏನು ನಮ್ಮ ಓಣ್ಯಾವನೇನು? ಯಾರರ ಇರಲಿ, ಆಕಿ ಉಣ್ಣೂ ಹೊತ್ತಿಗೆ ಬಂದ್ರು. ಬಂದವರಿಗೆ ನೀರು ಕೊಟ್ಟೆ."

ಆ ಬೆಳಕು ಏನು, ಎಲ್ಲಿಂದ ಬಂತು, ಇವತ್ತಿಗೂ ನನಗೆ ತಿಳಿದಿಲ್ಲ. ಯಾರು ಬಂದರೆಂದು ನಾನು ಇನ್ನೂ ಕೇಳಿಕೊಳ್ಳುತ್ತಲೇ ಇದ್ದೇನೆ. ಅವ್ವ ಅದನ್ನು ಕೇಳಲೇ ಇಲ್ಲ.