ಹಳದಿ ಪಟ್ಟಿಯ ಚಪ್ಪಲಿ

ರಂಗಪ್ಪಮಾವ ಮಕ್ಕಳನ್ನು ಗುರುತಿಸುತ್ತಿದ್ದುದು ಮುಖದಿಂದಲ್ಲ, ಚಪ್ಪಲಿಯಿಂದ. ನನ್ನ ಮಗಳ ಹೆಸರು ಸಿಂಚನ ಎಂದು ಮೂರು ಸಲ ಹೇಳಿಕೊಟ್ಟರೂ ಅದು ಅವರ ಬಾಯಿಗೆ ಹತ್ತಲಿಲ್ಲ. ಕೊನೆಯವರೆಗೂ ಅವಳು ಅವರಿಗೆ ‘ಹಳದಿ ಪಟ್ಟಿಯವಳು’ ಆಗಿಯೇ ಉಳಿದಳು. ಅವರು ಈಜು ಕಲಿಸುತ್ತಿದ್ದ ಬಾವಿಯ ಬಳಿ ಒಂದು ಉದ್ದನೆಯ ಚಪ್ಪಡಿ ಕಲ್ಲಿತ್ತು. ನೀರಿಗಿಳಿಯುವ ಪ್ರತಿ ಮಗುವೂ ಅದರ ಮೇಲೆ ಚಪ್ಪಲಿ ಬಿಡಬೇಕು, ಮೇಲೆ ಬಂದ ಮೇಲೆ ತನ್ನ ಚಪ್ಪಲಿ ಮೆಟ್ಟಿಕೊಂಡೇ ಹೋಗಬೇಕು. ಕಲ್ಲು ಬರಿದಾಗುವವರೆಗೆ ಮಾವ ಅಲ್ಲಿಂದ ಕದಲುತ್ತಿರಲಿಲ್ಲ.

ಮಾಗಡಿ ತಾಲ್ಲೂಕಿನ ಕಲ್ಯ ನನ್ನ ತವರು. ಮಾವ ರಕ್ತಸಂಬಂಧದ ನೆಂಟರೇನಲ್ಲ, ನಮ್ಮ ಹೊಲದ ಪಕ್ಕದವರು. ಊರಿನ ರೂಢಿಯಂತೆ ಮಾವ. ಸುತ್ತಲಿನ ಬಾವಿಗಳೆಲ್ಲ ಬತ್ತಿ ಕಸ ತುಂಬಿಕೊಂಡಿದ್ದರೂ ಅವರ ಮೆಟ್ಟಿಲು ಬಾವಿಯಲ್ಲಿ ಏಪ್ರಿಲ್‌ನಲ್ಲೂ ಎರಡಾಳು ನೀರಿರುತ್ತಿತ್ತು. ರಜೆ ಬಂತೆಂದರೆ ಬೆಳಗಿನ ಹೊತ್ತು ಅಲ್ಲಿ ಈಜಿನ ಪಾಠ. ಮೊದಲು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು, ಈಚೆಗೆ ಅಡುಗೆ ಎಣ್ಣೆಯ ಖಾಲಿ ಕ್ಯಾನು. ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿ ಅವರ ಕೈಯಲ್ಲಿ. ಯಾರೋ ಇದನ್ನು ವಾಟ್ಸಾಪಿನಲ್ಲಿ ‘ಸಮ್ಮರ್ ಕ್ಯಾಂಪ್’ ಎಂದು ಹಾಕಿದ ಮೇಲೆ ಪೇಟೆಯ ಮಕ್ಕಳೂ ಬರತೊಡಗಿದರು. ಮಾವನಿಗೆ ಆ ಮಾತು ಹಿಡಿಸಲಿಲ್ಲ.

“ಕ್ಯಾಂಪೂ ಇಲ್ಲ ಗೀಂಪೂ ಇಲ್ಲ ಕಣವ್ವ. ನೀರಿಗೆ ಬಿದ್ರೆ ಎದ್ದು ಬರಾದ ಕಲುಸ್ತೀನಿ, ಅಷ್ಟೆಯ,” ಎಂದಿದ್ದರು.

ಒಂದು ದಿನ ಒಬ್ಬ ಪುಟ್ಟ ಹುಡುಗಿ ಬರಿಗಾಲಲ್ಲಿ ಬಂದಳು. ಚಪ್ಪಲಿಯಿಲ್ಲದವರಿಗೆ ನೀರಿಲ್ಲ ಎಂದು ಮಾವ ಹಟ ಹಿಡಿದರು, ಅವಳು ಅಳತೊಡಗಿದಳು. ಕಡೆಗೆ ತಮ್ಮ ಟೈರಿನ ಮೆಟ್ಟನ್ನೇ ಅವಳ ಲೆಕ್ಕಕ್ಕೆ ಕಲ್ಲಿನ ಮೇಲಿಟ್ಟರು. ಹೋಗುವಾಗ ಅವಳು ಅದನ್ನೇ ಮೆಟ್ಟಿಕೊಂಡು ಹೋಗಬೇಕಾಯಿತು. ದೋಣಿಯಂಥ ಆ ಮೆಟ್ಟನ್ನು ಎಳೆದುಕೊಂಡು ಅವಳು ಮುಂದೆ, ಕಾಯ್ದ ಮಣ್ಣಿನ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ ಮಾವ ಹಿಂದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರಂತೆ. ನನಗೆ ನಗು ಬರಲಿಲ್ಲ, ಆ ಹಟದ ಮೂಲ ನನಗೆ ಗೊತ್ತಿತ್ತು.

ಅವರ ಮಗಳು ಲಲಿತ ನನ್ನ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತವರು ನಾವು. ಆಗೆಲ್ಲ ಮಾವ ಗಂಡುಮಕ್ಕಳಿಗಷ್ಟೇ ಈಜು ಕಲಿಸುತ್ತಿದ್ದರು. ಹೆಣ್ಣುಮಕ್ಕಳು ಬಾವಿಗಿಳಿಯುವುದೇ ಎಂದು ಊರೇ ಮೂಗು ಮುರಿಯುತ್ತಿದ್ದ ಕಾಲ. ನಾವು ಏಳನೇ ಕ್ಲಾಸಿನಲ್ಲಿದ್ದಾಗ ನೀರು ತರಲು ಹೋದ ಲಲಿತ ಹಿಂತಿರುಗಲಿಲ್ಲ. ಊರೆಲ್ಲ ಹುಡುಕಿದರು. ಕಡೆಗೆ ಕಣ್ಣಿಗೆ ಬಿದ್ದದ್ದು ಆ ಚಪ್ಪಡಿಯ ಮೇಲಿದ್ದ ಅವಳ ಚಪ್ಪಲಿ. ಮಾವನೇ ಮುಳುಗಿ ಅವಳನ್ನು ಮೇಲೆ ತಂದರು. ಮುಂದಿನ ಬೇಸಿಗೆಯಲ್ಲಿ ಮನೆಮನೆಗೆ ಹೋಗಿ, ಹೆಣ್ಣುಮಕ್ಕಳನ್ನೂ ಕಳಿಸಿ ಎಂದು ಕೇಳಿಕೊಂಡರು. ನಮ್ಮಪ್ಪ ನನ್ನನ್ನು ಕಳಿಸಲಿಲ್ಲ. ನನಗೆ ಇವತ್ತಿಗೂ ಈಜು ಬಾರದು.

ಅದಕ್ಕೇ ಸಿಂಚನಳಿಗೆ ಹತ್ತು ತುಂಬಿದ ವರ್ಷ ಗಂಡನೊಡನೆ ಜಗಳವಾಡಿ ಕಲ್ಯಕ್ಕೆ ಕಳಿಸಿದೆ. ಅವರ ಮನಸ್ಸು ಮಾಗಡಿಯಲ್ಲಿ ನಾವಿದ್ದ ಬೀದಿಯಲ್ಲೇ ನಡೆಯುತ್ತಿದ್ದ ಚಿತ್ರಕಲೆ, ಡಾನ್ಸಿನ ಶಿಬಿರದ ಮೇಲಿತ್ತು. ಮಗಳು ಅಲ್ಲಿ ನನ್ನ ತಾಯಿಯ ಮನೆಯಲ್ಲಿದ್ದಳು, ನಾನು ವಾರಕ್ಕೆರಡು ದಿನ ಸ್ಕೂಟರಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಹನ್ನೆರಡನೆಯ ದಿನ ಅವಳು ಕ್ಯಾನಿಲ್ಲದೆ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹೋದಳು. ನಾನು ಮೇಲೆ ನಿಂತು ಅತ್ತೆ. ಮಾವ ಮಾತ್ರ ಹಗ್ಗ ಸುತ್ತಿಡುತ್ತ, ಇನ್ನು ಇವಳ ಚಿಂತೆ ಇಲ್ಲ ಎಂದರು.

ಚಿಂತೆ ತಂದವಳು ನಾನೇ. ಆ ಭಾನುವಾರ ರಾಮನಗರದಲ್ಲಿ ನಾದಿನಿಯ ಮಗನ ಮದುವೆ. ಹೊತ್ತಾಗಿತ್ತು. ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ ಹಾರನ್ ಹೊಡೆದೆ. ಪಂಪ್‌ಸೆಟ್ಟಿನ ಮನೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ಮಗಳು ಓಡಿ ಬಂದಳು. ಮದುವೆಗೆಂದು ಕೊಂಡ ಹೊಸ ಚಪ್ಪಲಿ ಡಿಕ್ಕಿಯಲ್ಲಿತ್ತು, ಅದನ್ನೇ ಹಾಕಿಸಿದೆ. “ಅಮ್ಮ, ತಾತಂಗೆ ಹೇಳಿಲ್ಲ, ಹಳೇದು ಕಲ್ಲಿನ ಮೇಲೇ ಐತೆ,” ಎಂದಳು. ನಾಳೆ ತಗೊಂಡರಾಯಿತು ಬಾ ಎಂದೆ. ಮಾವ ಆಗ ಬಾವಿಯೊಳಗೆ ಇನ್ನೊಂದು ಮಗುವಿನ ಜೊತೆಗಿದ್ದರು.

ಛತ್ರದಲ್ಲಿ ವಾಲಗದ ಅಬ್ಬರಕ್ಕೆ ಫೋನು ಕೇಳಿಸಲಿಲ್ಲ. ಊಟಕ್ಕೆ ಕೂತಾಗ ನೋಡಿದರೆ ನನ್ನ ತಾಯಿಯ ಇಪ್ಪತ್ತೆಂಟು ಕರೆಗಳು. ಕಲ್ಯದಲ್ಲಿ ಮಕ್ಕಳೆಲ್ಲ ಹೋದ ಮೇಲೂ ಕಲ್ಲಿನ ಮೇಲೆ ಹಳದಿ ಪಟ್ಟಿಯ ಚಪ್ಪಲಿ ಉಳಿದಿತ್ತು. ಅರುವತ್ತೈದು ದಾಟಿದ ಮಾವ ನೀರಿಗೆ ಹಾರಿದವರು, ಮುಳುಗಿ, ಎದ್ದು, ಉಸಿರೆಳೆದು, ಮತ್ತೆ ಮುಳುಗುತ್ತಲೇ ಇದ್ದರು. ಊರವರು ಇನ್ನೊಂದು ಮೋಟರು ತಂದು ಬಾವಿಯ ನೀರು ಹೊರಗೆ ಹೊಡೆಸುತ್ತಿದ್ದರು. ಮಗು ತಾಯಿಯ ಜೊತೆ ಹೋಗಿರಬಹುದು ಎಂದು ಯಾರು ಹೇಳಿದರೂ ಅವರು ಕೇಳಲಿಲ್ಲ. ಚಪ್ಪಲಿ ಬಿಟ್ಟು ಯಾವ ಮಗು ಹೋಗುತ್ತದೆ ಎನ್ನುವುದೊಂದೇ ಅವರ ಮಾತು. ಕಡೆಗೆ ನಾನು ತಿರುಗಿ ಕರೆ ಮಾಡಿದಾಗ ಫೋನನ್ನು ಮೆಟ್ಟಿಲ ಬಳಿಗೊಯ್ದು ಸಿಂಚನಳ ದನಿ ಕೇಳಿಸಿದರು. “ತಾತ, ನಾನು ಊಟ ಮಾಡ್ತಿದೀನಿ,” ಎಂದಳು ಅವಳು. ಮಾವ ಮೆಟ್ಟಿಲ ಮೇಲೆ ಕೂತವರು ಏಳಲಾಗದೆ, ನಾಲ್ಕು ಜನ ಎತ್ತಿಕೊಂಡು ಬರಬೇಕಾಯಿತು.

ಮಾರನೆಯ ದಿನ ಹೋದೆ. ಕಿವಿಗೆ ಹತ್ತಿ, ಕಣ್ಣೆರಡೂ ಕೆಂಪು, ಬಿಡದ ಕೆಮ್ಮು. ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವರು ಬೈಯಲಿಲ್ಲ.

“ತಪ್ಪು ನಂದೇ ಕಣವ್ವ. ಮಗೀನ ನೋಡ್ಬೇಕಿತ್ತು, ಮೆಟ್ಟು ನೋಡ್ಬುಟ್ಟೆ,” ಎಂದರು.

ಆ ಕೆಮ್ಮು ಎದೆಗಿಳಿದು ಕೂತಿತು. ಒಂದು ಕಿವಿ ಹೋಯಿತು. ಅವರು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದರು. ಮುಂದಿನ ರಜೆಯಲ್ಲಿ ಸಿಂಚನ ಮಾಗಡಿಯ ಶಿಬಿರಕ್ಕೇ ಹೋದಳು. ಅಲ್ಲಿ ಕಾಗದದ ಮೀನು ಮಾಡಲು ಕಲಿಸಿದರು. ಅದನ್ನು ತಾತನಿಗೆ ಕೊಡಬೇಕೆಂದು ಅವಳು ಹಟ ಮಾಡಿದ್ದರಿಂದ ಕರೆದುಕೊಂಡು ಹೋದೆ. ಒಂದು ವರ್ಷದಿಂದ ಆ ಮನೆಯ ಮುಂದೆ ಹೋಗಲು ನನಗೆ ಮುಖವಿರಲಿಲ್ಲ.

ಮಾವ ಜಗಲಿಯ ಮಂಚದ ಮೇಲಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಮೀನನ್ನು ಎದೆಯ ಮೇಲಿಟ್ಟುಕೊಂಡರು. ಒಸಿ ತಡಿ ಎಂದು ದಿಂಬಿನ ಪಕ್ಕದ ಗೂಡಿಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ತೊಳೆದಿಟ್ಟ ಹಳದಿ ಪಟ್ಟಿಯ ಚಪ್ಪಲಿ.

“ಮಗ ಊಟ ಮಾಡ್ತಾವ್ಳೆ ಅಂತ ಕಿವೀಲಿ ಕೇಳ್ದೆ. ಮನಸ್ಗೆ ಬರ್ನಿಲ್ಲ ಕಣವ್ವ,” ಎಂದು ಸಿಂಚನಳ ಕಡೆ ತಿರುಗಿದರು. “ಇದ ಹಾಕ್ಕಂಡು ಹೋಗು. ನೀನು ಹೋದದ್ದ ನಾನು ನೋಡ್ಬೇಕು.”

ಚಪ್ಪಲಿ ಅವಳಿಗೆ ಆಗಲೇ ಚಿಕ್ಕದಾಗಿತ್ತು. ಹಿಮ್ಮಡಿ ಹೊರಗೆ ಉಳಿದಿತ್ತು. ಸಿಂಚನ ಅದನ್ನೇ ಮೆಟ್ಟಿಕೊಂಡು ರಸ್ತೆಯ ತಿರುವಿನವರೆಗೂ ನಡೆದಳು. ನಾನು ಅವಳ ಹೊಸ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂದೆ ಹೋದೆ. ತಿರುವಿನಲ್ಲಿ ತಿರುಗಿ ನೋಡಿದಾಗ ಮಾವ ಮಂಚದ ಮೇಲೆ ಎದ್ದು ಕೂತು, ಅವಳ ಕಾಲನ್ನೇ ನೋಡುತ್ತಿದ್ದರು. ಆ ಶ್ರಾವಣದಲ್ಲಿ ಅವರು ಹೋದರು.